ಮೃಗಶಿರಾ ಮಳೆಗೆ ಮುನ್ನ ನಾಲ್ಕು ಮಡಿ

ಏಪ್ರಿಲ್ 16, ಅಶ್ವಿನಿ ಮಳೆ

ಹಿತ್ತಿಲ ಬಾಗಿಲು ತೆಗೆದರೆ ಎದುರಿಗೇ ಹೋದ ವರ್ಷದ ಮಡಿ. ಒಂದಡಿ ಏರಿಸಿದ್ದು ಈಗ ನಾಲ್ಕು ಬೆರಳಿನಷ್ಟು ಉಳಿದಿದೆ. ಅಂಚಿನಲ್ಲಿ ಮಣ್ಣು ಜಾರಿದ ಗುರುತು, ನಡುವೆ ಒಣಗಿದ ಬದನೆಯ ಕೂಳೆ, ಅದರ ಬುಡದಲ್ಲಿ ಇರುವೆ ಗೂಡು. ನಮ್ಮ ಸಾಗರ ಸೀಮೆಯಲ್ಲಿ ಈ ದಿನಗಳಲ್ಲಿ ಗುಡುಗು ಬರುತ್ತದೆ, ಮೋಡ ಬರುತ್ತದೆ, ಮಳೆ ಮಾತ್ರ ಅಪರೂಪ. ನೆಲ ಹಾರೆಗೂ ಬಗ್ಗುವುದಿಲ್ಲ. ಹಿತ್ತಿಲಲ್ಲಿ ಈಗೇನು ಕೆಲಸ ಎಂದು ಕೇಳುವವರಿದ್ದಾರೆ. ನೋಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕಳೆಯೆಲ್ಲ ಒಣಗಿ ನೆಲದ ಮೈ ಬರಿದಾಗಿದೆ. ಎಲ್ಲಿ ತಗ್ಗು, ಎಲ್ಲಿ ಉಬ್ಬು ಎನ್ನುವುದು ಬೆಳಗಿನ ಓರೆ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೋದ ಜುಲೈಯಲ್ಲಿ ಪುನರ್ವಸು ಮಳೆ ಏಳು ದಿನ ಬಿಡದೆ ಹೊಯ್ಯಿತು. ಐದನೆಯ ದಿನ ಬದನೆ ಗಿಡಗಳು ಹಸಿರಾಗಿದ್ದ ಹಾಗೆಯೇ ತಲೆ ಬಗ್ಗಿಸಿದವು. ನಾನು ಗಿಡವನ್ನೇ ನೋಡುತ್ತಾ ನಿಂತಿದ್ದೆ. ಪಕ್ಕದ ಮನೆಯ ದೊಡ್ಡಮ್ಮ ಕೊಡೆ ಹಿಡಿದು ಬೇಲಿಯ ಆಚೆ ಬಂದರು. ಅವರು ಗಿಡದ ಕಡೆ ತಿರುಗಲೇ ಇಲ್ಲ.

"ತಮ್ಮಾ, ಕಾಲುವೆ ನೋಡು. ನಿನ್ನ ಮಡಿ ಅಲ್ಲಿ ಹರಿದು ಹೋಗ್ತಾ ಉಂಟು."

ಕಾಲುವೆಯ ನೀರು ಕುಂಕುಮ ಕದಡಿದ ಹಾಗೆ ಕೆಂಪಾಗಿ ಹೊಳೆಯ ದಿಕ್ಕಿಗೆ ಓಡುತ್ತಿತ್ತು. ಮೂರು ವರ್ಷ ಹಾಕಿದ ಗೊಬ್ಬರ, ಸೊಪ್ಪು, ಬೂದಿ ಎಲ್ಲ ಆ ಕೆಂಪಿನಲ್ಲಿತ್ತು. ಈ ಸಲದ ಟಿಪ್ಪಣಿ ಪುಸ್ತಕ ಮಳೆಗಾಲಕ್ಕೆ ಎರಡು ತಿಂಗಳು ಮೊದಲೇ ಶುರುವಾಗಿರುವುದು ಆ ಮಾತಿನಿಂದಾಗಿ.

ಏಪ್ರಿಲ್ 20

ಬಯಲುಸೀಮೆಯ ನೆಂಟರ ಮನೆಯಲ್ಲಿ ಮಡಿ ಎಂದರೆ ಸುತ್ತ ಬದು ಕಟ್ಟಿ ಒಳಗೆ ನೀರು ನಿಲ್ಲಿಸುವ ಜಾಗ. ನಮ್ಮಲ್ಲಿ ಮಳೆಗಾಲದ ಮಡಿ ಎಂದರೆ ನೀರು ನಿಲ್ಲದೆ ಇಳಿದು ಹೋಗುವ ದಿಬ್ಬ. ಹೆಸರು ಒಂದೇ, ಕೆಲಸ ತಿರುಗುಮುರುಗು.

ಲೆಕ್ಕ ಹಾಕಿ ನೋಡಿದೆ. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 3.7 ಲೀಟರ್ ನೀರು. ಆರಿದ್ರಾ ಮಳೆ ಜೋರಾಗಿ ಹಿಡಿದು ಒಂದೇ ದಿನ 100 ಮಿಲಿಮೀಟರ್ ಸುರಿದರೆ 370 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಎಣಿಸಿದರೆ ಇಪ್ಪತ್ತೈದು ಕೊಡ. ಒಬ್ಬರು ಮಡಿಯ ಪಕ್ಕ ನಿಂತು ಇಪ್ಪತ್ತೈದು ಕೊಡ ನೀರನ್ನು ಎಳೆ ಸಸಿಗಳ ತಲೆಯ ಮೇಲೆ ಸುರಿಯುತ್ತಿದ್ದಾರೆ ಎಂದು ಊಹಿಸಿಕೊಂಡೆ. ಅಷ್ಟೂ ನೀರಿಗೆ ದಾರಿ ಬೇಕು. ದಾರಿ ತೋರಿಸದಿದ್ದರೆ ಅದು ತಾನೇ ಮಾಡಿಕೊಳ್ಳುತ್ತದೆ, ಮಡಿಯ ನಡುವೆಯೇ.

ಅಡಿಕೆ ತೋಟ ಮಾಡಿದ ಹಿರಿಯರಿಗೆ ಇದು ಗೊತ್ತಿತ್ತು. ಅವರು ಮರದ ಸಾಲಿನಷ್ಟೇ ಕಾಳಜಿಯಿಂದ ಸಾಲುಗಳ ನಡುವಿನ ಬಸಿಗಾಲುವೆಯನ್ನು ತೆಗೆದರು, ವರ್ಷ ವರ್ಷ ಅದರ ಹೂಳೆತ್ತಿ ಮರದ ಬುಡಕ್ಕೆ ಏರಿಸಿದರು. ತೋಟದಲ್ಲಿ ದಿನಾ ಆ ಕಾಲುವೆ ದಾಟಿ ಓಡಾಡುವ ನಾನು ತರಕಾರಿ ಮಡಿ ಮಾಡುವಾಗ ಮಣ್ಣು ಏರಿಸುವುದನ್ನಷ್ಟೇ ನೆನೆದಿದ್ದೆ.

ಏಪ್ರಿಲ್ 28, ಭರಣಿ ಮಳೆ

ಅಂಗಳದಲ್ಲಿ ನೆಟ್ಟಗೆ ಒಂದು ಗೂಟ ಹುಗಿದು ಮಧ್ಯಾಹ್ನ ಹನ್ನೆರಡೂಕಾಲಿನಿಂದ ಕಾದು ಕುಳಿತೆ. ನೆರಳು ಕುಗ್ಗುತ್ತಾ ಬಂದು ಹನ್ನೆರಡೂವರೆಗೆ ಸ್ವಲ್ಪ ಮೊದಲು ಗೂಟದ ಬುಡದಲ್ಲೇ ಅಡಗಿತು. ಸಾಗರ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿಗೆ ಇನ್ನೊಮ್ಮೆ. ನಡುವಿನ ಮೂರೂವರೆ ತಿಂಗಳು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಮ್ಮ ಮಳೆಗಾಲದ ತರಕಾರಿಯ ಆಯುಸ್ಸೆಲ್ಲ ಹೆಚ್ಚುಕಡಿಮೆ ಈ ದಿನಗಳೇ.

ಇದು ತಿಳಿದ ಮೇಲೆ ಹಿತ್ತಿಲ ಈಶಾನ್ಯದ ಹಲಸಿನ ಮರ ಬೇರೆಯಾಗಿಯೇ ಕಂಡಿತು. ಡಿಸೆಂಬರಿನಲ್ಲಿ ಸೂರ್ಯ ಆಗ್ನೇಯದ ಕಡೆ ಹುಟ್ಟುವಾಗ ಆ ಮರದಿಂದ ಏನೂ ಅಡ್ಡಿಯಿಲ್ಲ, ಹಿತ್ತಿಲು ಏಳೂವರೆಗೇ ಬೆಳಗುತ್ತದೆ. ಜೂನಿನಲ್ಲಿ ಸೂರ್ಯ ಪೂರ್ವದಿಂದ ಇಪ್ಪತ್ತನಾಲ್ಕು ಡಿಗ್ರಿಯಷ್ಟು ಉತ್ತರಕ್ಕೆ ಸರಿದು ಸರಿಯಾಗಿ ಹಲಸಿನ ಹಿಂದೆಯೇ ಏಳುತ್ತಾನೆ. ಚಳಿಗಾಲದ ಬಿಸಿಲು ನೋಡಿ ಮಳೆಗಾಲದ ಮಡಿಗೆ ಜಾಗ ಗೊತ್ತುಮಾಡಿದ್ದು ನನ್ನ ಎರಡನೆಯ ತಪ್ಪು. ಬೆಂಡೆ, ಬದನೆ, ಹೀರೆಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಮೋಡ ಕವಿಯುವ ತಿಂಗಳುಗಳಲ್ಲಿ ಸಿಗುವ ಒಂದೊಂದು ಗಂಟೆಯೂ ಬೆಲೆಯುಳ್ಳದ್ದು. ಹೊಸ ಮಡಿಗಳನ್ನು ಹಳೆಯ ಜಾಗದಿಂದ ಆರು ಹೆಜ್ಜೆ ದಕ್ಷಿಣಕ್ಕೆ ಸರಿಸುವುದೆಂದು ಇಂದು ಬರೆದುಕೊಂಡೆ. ಕೆಳಗಿನ ಒಂದು ಮಡಿಗೆ ಮಾತ್ರ ಹಳೆಯ ನೆಲವೂ ಸ್ವಲ್ಪ ಸೇರುತ್ತದೆ.

ಮೇ 3, 4

ಎರಡು ಗುಂಡಿ ತೋಡಿದೆ. ಒಂದು ಹಿತ್ತಿಲ ಪೂರ್ವದ ಮೇಲ್ಭಾಗದಲ್ಲಿ, ಇನ್ನೊಂದು ಪಶ್ಚಿಮದ ತಗ್ಗಿನಲ್ಲಿ, ಎರಡೂ ಒಂದಡಿ ಆಳ, ಒಂದಡಿ ಅಗಲ. ಮೊದಲ ಸಲದ ನೀರನ್ನು ಒಣ ನೆಲ ಕುಡಿದುಬಿಡುತ್ತದೆ, ಅದು ಲೆಕ್ಕಕ್ಕಿಲ್ಲ. ಎರಡನೆಯ ಸಲ ತುಂಬಿಸಿ ಗಡಿಯಾರ ನೋಡಿದೆ. ಮೇಲಿನ ಗುಂಡಿ ಒಂದು ಗಂಟೆಗೆ ಬರಿದಾಯಿತು. ಕೆಳಗಿನದರಲ್ಲಿ ನಾಲ್ಕು ಗಂಟೆಯಾದರೂ ಒಂದು ಗೇಣು ನೀರು ನಿಂತಿತ್ತು, ಅದರ ಮೇಲೆ ಒಂದು ನೀರುಹುಳು ಬಂದು ಓಡಾಡತೊಡಗಿತ್ತು.

ಎರಡೂ ಕಡೆಯ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಮರಳು, ನೊರಜು ನಿಮಿಷದೊಳಗೆ ತಳ ಸೇರುತ್ತವೆ. ಮೆಕ್ಕಲಿಗೆ ಒಂದೆರಡು ಗಂಟೆ ಬೇಕು. ಜೇಡಿಗೆ ಅವಸರವಿಲ್ಲ. ಮೇಲಿನ ಮಣ್ಣಿನ ಬಾಟಲಿ ಸಂಜೆಗೆ ತಿಳಿಯಾಯಿತು. ಕೆಳಗಿನದು ಮಾರನೆಯ ಬೆಳಿಗ್ಗೆಯೂ ಚಹಾದ ಬಣ್ಣದಲ್ಲೇ ಇತ್ತು. ಹೋದ ವರ್ಷ ಕಾಲುವೆಯಲ್ಲಿ ಓಡಿದ ಕೆಂಪು ಇದೇ. ಒಮ್ಮೆ ನೀರಿಗೆ ಎದ್ದ ಜೇಡಿ ಹರಿಯುವ ನೀರಿನಲ್ಲಿ ಮತ್ತೆ ಕೂರುವುದಿಲ್ಲ. ಅದು ಏಳದಂತೆ ನೋಡಿಕೊಳ್ಳುವುದೊಂದೇ ದಾರಿ.

ಮಳೆ ಹೆಚ್ಚಿರುವ ಕಡೆ ಸುಣ್ಣದ ಅಂಶ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಬಚ್ಚಲ ಒಲೆಯ ಬೂದಿ ಅದಕ್ಕೆ ಮನೆಯ ಮದ್ದು, ಅದರಲ್ಲಿ ಪೊಟ್ಯಾಷ್ ಕೂಡ ಇದೆ. ಬೂದಿಯನ್ನು ಇಂದೇ ತೆಳ್ಳಗೆ ಎರಚಿದೆ. ಕೊಟ್ಟಿಗೆ ಗೊಬ್ಬರ ಹಾಕುವುದು ಮೂರು ವಾರ ಬಿಟ್ಟು. ಎರಡನ್ನೂ ಒಟ್ಟಿಗೆ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಮೇ 14, ಕೃತ್ತಿಕಾ ಮಳೆ

ಸಂಜೆ ನಾಲ್ಕಕ್ಕೆ ಮೊದಲ ದೊಡ್ಡ ಮಳೆ. ಕೊಡೆ, ಒಂದು ಕಟ್ಟು ಬಿದಿರ ಗೂಟ ಹಿಡಿದು ಹಿತ್ತಿಲಿಗೆ ಓಡಿದೆ. ಮೊದಲ ಹತ್ತು ನಿಮಿಷ ನೆಲ ನೀರನ್ನು ಒಳಗೆ ಬಿಡಲಿಲ್ಲ. ಹನಿಗಳು ದೂಳಿನಲ್ಲಿ ಉರುಟಾಗಿ ಉರುಳಿದವು. ಆಮೇಲೆ ಅಲ್ಲಲ್ಲಿ ನೀರಿನ ಎಳೆಗಳು ಹುಟ್ಟಿ ಒಂದಕ್ಕೊಂದು ಕೂಡಿ ನಡೆದವು. ಅವು ಹೋದ ಕಡೆಯೆಲ್ಲ ಗೂಟ ಹುಗಿಯುತ್ತಾ ಹೋದೆ. ಹಲಸಿನ ಬುಡದಿಂದ ಒಂದು ಎಳೆ, ಕೊಟ್ಟಿಗೆಯ ಮಾಡಿನ ನೀರು ಬೀಳುವಲ್ಲಿಂದ ಇನ್ನೊಂದು. ಎರಡೂ ಹಳೆಯ ಮಡಿಯ ತಲೆಯ ಬಳಿ ಸೇರಿ ನೇರ ಅದರ ಮೇಲೆಯೇ ಹಾದುಹೋದವು. ನನ್ನ ಮಡಿಯನ್ನು ಆಕಾಶದ ಮಳೆ ಹಾಳುಮಾಡಿರಲಿಲ್ಲ. ಕೊಟ್ಟಿಗೆಯ ಮಾಡಿನ ನೀರು ಹಾಳುಮಾಡಿತ್ತು. ಇದನ್ನು ಕಂಡದ್ದೇ ಈ ವರ್ಷದ ಯೋಜನೆಯ ಅರ್ಧ.

ಮಳೆ ನಿಂತ ಮೇಲೆ ಹುತ್ತದಿಂದ ರೆಕ್ಕೆ ಬಂದ ಗೆದ್ದಲು ಹೊಗೆಯ ಹಾಗೆ ಎದ್ದವು. ತಂತಿಯ ಮೇಲಿನ ಕಾಜಾಣ ಹಾರಿ ಹಿಡಿದು ಮತ್ತೆ ಅಲ್ಲಿಗೇ ಬಂದು ಕೂರುತ್ತಿತ್ತು. ನೆಲಕ್ಕೆ ಬಿದ್ದವನ್ನು ಮಡಿವಾಳ ಹಕ್ಕಿ ಆರಿಸುತ್ತಿತ್ತು. ಕತ್ತಲಾಗುವ ಹೊತ್ತಿಗೆ ಗೂಟಗಳ ಬುಡದಲ್ಲೆಲ್ಲ ಉದುರಿದ ರೆಕ್ಕೆ.

ಮೇ 17ರಿಂದ 21

ನೆಲ ಹದವಾಗಿದೆ. ಹಿಡಿ ಮಣ್ಣು ಒತ್ತಿದರೆ ಉಂಡೆಯಾಗುತ್ತದೆ, ಬೆರಳು ತಾಗಿಸಿದರೆ ಉದುರುತ್ತದೆ. ಈ ಹದ ತಪ್ಪಿ ಕೆಸರಾದ ಮೇಲೆ ಅಗೆದರೆ ಮಣ್ಣು ಒಣಗಿದಾಗ ಇಟ್ಟಿಗೆ.

ಮೊದಲು ಮೇಲಿನ ಅಂಚಿಗೆ ಅಡ್ಡಲಾಗಿ ಒಂದು ಅಡ್ಡಗಾಲುವೆ. ಹಲಸಿನ ಕಡೆಯ ನೀರು, ಮಾಡಿನ ನೀರು ಎರಡೂ ಇದಕ್ಕೆ ಬಿದ್ದು ಬೇಲಿಯ ಪಕ್ಕದಿಂದ ಇಳಿದು ಹೋಗಬೇಕು. ಮಡಿಗಳಿಗೆ ತಮ್ಮ ಮೇಲೆ ಬಿದ್ದ ಮಳೆ ಮಾತ್ರ ಸಾಕು. ಆಮೇಲೆ ಇಳಿಜಾರಿಗೆ ಅಡ್ಡವಾಗಿ, ಉತ್ತರ ದಕ್ಷಿಣ ಉದ್ದಕ್ಕೆ ನಾಲ್ಕು ಮಡಿ. ನಾಲ್ಕು ಅಡಿ ಅಗಲ ಏಕೆಂದರೆ ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗುತ್ತದೆ, ಒಮ್ಮೆಯೂ ಮಡಿಯ ಮೇಲೆ ಕಾಲಿಡಬೇಕಿಲ್ಲ. ಕಾಲು ತುಳಿದ ಕಡೆ ಮಣ್ಣಿನ ಸಂದುಗಳು ಮುಚ್ಚಿ ಬೇರಿಗೆ ಉಸಿರು ಸಿಗುವುದಿಲ್ಲ. ಪ್ರತಿ ಮಡಿಯ ಕೆಳಬದಿಗೆ ಒಂದೂವರೆ ಅಡಿ ದಾರಿ. ಆ ದಾರಿಯೇ ಬಸಿಗಾಲುವೆ. ಅಲ್ಲಿ ಅಗೆದ ಮಣ್ಣೇ ಮಡಿಗೆ ಏರಿತು, ಹೊರಗಿನಿಂದ ಒಂದು ಬುಟ್ಟಿ ಮಣ್ಣು ತರಲಿಲ್ಲ.

ಕಾಲುವೆಯ ಇಳಿಜಾರು ಹತ್ತು ಅಡಿಗೆ ಎರಡು ಬೆರಳು. ಹೆಚ್ಚಾದರೆ ನೀರು ಓಡಿ ಮಣ್ಣು ಕೊರೆಯುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ. ಗಾರೆ ಕೆಲಸದವರ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದೆ. ಅಂಚಿಗೆ ಅಡಿಕೆ ದಬ್ಬೆ ನಿಲ್ಲಿಸಿ ಗೂಟ ಕೊಟ್ಟೆ. ಅದು ಒಂದೆರಡು ಮಳೆಗಾಲಕ್ಕೆ ಕುಂಬಾಗುತ್ತದೆ, ಅಷ್ಟರಲ್ಲಿ ಅಂಚು ಬೇರು ಹಿಡಿದು ಗಟ್ಟಿಯಾಗಿರುತ್ತದೆ. ತಗ್ಗಿನಲ್ಲಿ ನೀರು ನಿಧಾನ ಇಳಿಯುವ ನಾಲ್ಕನೆಯ ಮಡಿಯನ್ನು ಉಳಿದವಕ್ಕಿಂತ ಅರ್ಧ ಅಡಿ ಹೆಚ್ಚು ಎತ್ತರಿಸಿದೆ.

ಮೇ 22

ಹಿತ್ತಿಲ ಪೂರ್ವಕ್ಕೆ ಎದೆಯುದ್ದದ ಮಣ್ಣಿನ ಧರೆ. ಅದನ್ನು ಕಡಿದು ಜಂಬಿಟ್ಟಿಗೆ ಕಲ್ಲು ಕಟ್ಟಿಸಿದರೆ ಚೊಕ್ಕಟವಾಗುತ್ತದೆ ಎಂಬ ಯೋಚನೆ ಮನೆಯಲ್ಲಿ ಬಹಳ ದಿನದಿಂದ ಇದೆ. ಇಂದು ಬೆಳಿಗ್ಗೆ ಚಹಾ ಲೋಟ ಹಿಡಿದು ಅದರ ಎದುರು ಒಂದು ಗಂಟೆ ಕುಳಿತೆ. ಮಳೆ ತಾಗದ ಮೇಲ್ಭಾಗದಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು, ಎಣಿಸಿದರೆ ಹನ್ನೊಂದು. ಎಂಟೂವರೆಗೆ ಒಂದರಿಂದ ದುಂಡು ಮೈಯ ಒಂಟಿ ಜೇನು ಹೊರಬಂತು. ಹೊಟ್ಟೆಯ ಕಪ್ಪಿನ ಮೇಲೆ ನೀಲಿ ಪಟ್ಟೆ, ಬಿಸಿಲಿಗೆ ಹೊಳೆಯುವ ನೀಲಿ. ತೂತಿನ ಮುಂದೆ ಎಡಕ್ಕೆ ಬಲಕ್ಕೆ ತೂಗಿ, ಜಾಗ ಗುರುತು ಹಾಕಿಕೊಂಡು, ತುಳಸಿಯ ಕಡೆ ಹಾರಿತು.

ಬದನೆ ಹೂವಿನ ಪರಾಗ ಹಳದಿ ಕೊಳವೆಗಳೊಳಗೆ ಇರುತ್ತದೆ, ತುದಿಯಲ್ಲಿ ಸಣ್ಣ ತೂತು. ಕೊಳವೆ ನಡುಗಿದರೆ ಪರಾಗ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು. ನೀಲಿ ಪಟ್ಟೆಯದು ಹೂವನ್ನು ಅಪ್ಪಿಕೊಂಡು, ರೆಕ್ಕೆ ಮಡಚಿ, ಎದೆಯ ಸ್ನಾಯುಗಳನ್ನು ಮಾತ್ರ ಕಂಪಿಸುತ್ತದೆ. ಹತ್ತಿರ ನಿಂತರೆ ಆ ಝೇಂಕಾರ ಕೇಳುತ್ತದೆ. ಬದನೆ ಬೆಳೆಯುವವರ ಹಿತ್ತಿಲಿಗೆ ಈ ಧರೆಯೂ ಬೇಕು. ಕಲ್ಲು ಕಟ್ಟುವ ಮಾತನ್ನು ಯೋಜನೆಯಿಂದ ಹೊಡೆದುಹಾಕಿದೆ.

ಮೇ 26ರಿಂದ 30, ರೋಹಿಣಿ ಮಳೆ

ಬೀಜ ತೆಗೆಯುವ ದಿನ. ಮೊಗೆ ಸೌತೆಯ ಬೀಜವನ್ನು ಅಮ್ಮ ಬೂದಿಯಲ್ಲಿ ಹೊರಳಿಸಿ ಸಗಣಿಯ ಜೊತೆ ಗೋಡೆಗೆ ಅಂಟಿಸಿದ್ದರು. ಬೆರಳಿನಿಂದ ಎಬ್ಬಿಸಿದರೆ ಹಪ್ಪಳದ ಹಾಗೆ ಕಳಚಿ ಬಂತು. ಹೀರೆ ಬೀಜ ಒಲೆಯ ಮೇಲಿನ ಅಟ್ಟದಲ್ಲಿ, ಬಳ್ಳಿಯಲ್ಲೇ ಒಣಗಿದ ಕಾಯಿಯ ಒಳಗೆ. ಕಾಯಿ ಅಲುಗಿಸಿದರೆ ಗಿಲಕಿಯ ಸದ್ದು, ತುದಿಯ ಮುಚ್ಚಳ ಮುರಿದರೆ ಕಪ್ಪು ಬೀಜಗಳು ಅಂಗೈಗೆ ಸುರಿಯುತ್ತವೆ. ಹೊಗೆ, ಬೂದಿ, ನಾರಿನ ಗೂಡು, ಇವೇ ನಮ್ಮ ಹೆಂಗಸರ ಬೀಜದ ಪೆಟ್ಟಿಗೆಗಳು. ಶಿರಸಿಯ ವನಸ್ತ್ರೀ ಬಳಗ ಮಲೆನಾಡಿನ ಹಿತ್ತಿಲುಗಳ ಇಂಥ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುವ ಕೆಲಸವನ್ನೇ ಕೈಗೆತ್ತಿಕೊಂಡಿದೆ.

ಪ್ರತಿ ಬಗೆಯಿಂದ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮೂರನೆಯ ದಿನ ಅಲಸಂದೆ ಒಂಬತ್ತು ಬಿರಿದಿದ್ದವು, ನಾಲ್ಕನೆಯ ದಿನ ಸೌತೆ ಎಂಟು. ಬೆಂಡೆ ಐದೇ. ಹಳೆಯ ಬೀಜ, ಒತ್ತಾಗಿ ಬಿತ್ತಬೇಕು. ಹಾಗಲಕ್ಕೆ ಸಿಪ್ಪೆ ಗಟ್ಟಿ, ಅದಕ್ಕೆ ಒಂದು ವಾರವಾದರೂ ಕೊಡಬೇಕು.

ಜೂನ್ 2

ಗೊಬ್ಬರ ಸೇರಿಸಿ ಆಯಿತು, ಮಡಿಗೆ ಐದು ಬುಟ್ಟಿ. ಸಂಜೆ ಜಗಲಿಯಲ್ಲಿ ಕುಳಿತು ಯಾವ ಮಡಿಗೆ ಏನು ಎಂದು ಬರೆದೆ. ಇಲ್ಲಿಯೂ ನೀರೇ ಯಜಮಾನ.

ಹೋದ ವರ್ಷ ಸೊರಗಿದ ಬದನೆಯ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿದಿದ್ದೆ. ಎರಡೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯಿತು. ಅದು ಸೊರಗು ರೋಗದ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹರಿಯುವ ನೀರಿನ ಜೊತೆ ಮಡಿಯಿಂದ ಮಡಿಗೆ ಹೋಗುತ್ತದೆ. ಬದನೆ, ಟೊಮೇಟೊ, ಮೆಣಸು, ಆಲೂಗಡ್ಡೆ ಒಂದೇ ಕುಲ, ಎಲ್ಲಕ್ಕೂ ಅದರ ಭಯವಿದೆ. ಆದ್ದರಿಂದ ಬದನೆ, ಮೆಣಸು ಎಲ್ಲಕ್ಕಿಂತ ಮೇಲಿನ ಮಡಿಗೆ, ಹಳೆಯ ನೆಲದ ನೀರು ಎಂದೂ ಹತ್ತಲಾರದ ಜಾಗಕ್ಕೆ. ಟೊಮೇಟೊ ಬೇಕೆನಿಸಿದರೆ ಹಿಂಗಾರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿ. ಸೊರಗು ರೋಗವನ್ನು ತಡೆದುಕೊಳ್ಳುವ ಗುಣ ಅದರಲ್ಲಿದೆ.

ಎರಡನೆಯ ಮಡಿಗೆ ಬೆಂಡೆ, ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದಡಿ. ಎಲೆಯ ನರ ಹಳದಿಯಾಗುವ ನಂಜನ್ನು ಬಿಳಿನೊಣ ಹೊತ್ತು ತರುತ್ತದೆ. ಆ ನಂಜು ತಡೆಯುವಂತೆ ಅದೇ ಸಂಸ್ಥೆ ರೂಪಿಸಿದ ಅರ್ಕ ಅನಾಮಿಕ ಅರ್ಧ ಸಾಲು, ಉಳಿದದ್ದು ಅಮ್ಮನ ಊರಿನ ಉದ್ದ ಬೆಂಡೆ. ಮೂರನೆಯದಕ್ಕೆ ಅಲಸಂದೆ. ಹೋದ ವರ್ಷ ಕಿತ್ತ ಅಲಸಂದೆಯ ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು. ಒಳಗಿನ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿಯುತ್ತಿದೆ ಎನ್ನುವುದಕ್ಕೆ ಆ ಬಣ್ಣವೇ ಸಾಕ್ಷಿ. ಬರುವ ವರ್ಷ ಬೆಂಡೆ ಅಲ್ಲಿಗೆ ಹೋಗುತ್ತದೆ.

ನಾಲ್ಕನೆಯ ಮಡಿಗೆ ಆರಡಿ ಎತ್ತರದ ಚಪ್ಪರ, ಅದಕ್ಕೆ ಹೀರೆ, ಹಾಗಲ, ಬುಡದಲ್ಲಿ ಮೊಗೆ ಸೌತೆ. ಪಶ್ಚಿಮದ ಕೊನೆಗೆ ಇರುವುದರಿಂದ ಬೆಳಗಿನ ಬಿಸಿಲನ್ನು ಯಾರಿಂದಲೂ ಕಸಿಯುವುದಿಲ್ಲ. ಹಾಗಲದ ಹೂ ಬೆಳಗಿಗೆ, ಹೀರೆಯದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಒಂದೇ ಚಪ್ಪರದಲ್ಲಿ ಹಗಲಿನ ಜೇನಿಗೂ ಮುಸ್ಸಂಜೆಯ ಪತಂಗಕ್ಕೂ ಊಟ. ಕಾಲುವೆಗಳೆಲ್ಲ ಕೂಡುವ ಕಟ್ಟಕಡೆಯ ತಗ್ಗಿನಲ್ಲಿ ಕೆಸು. ನೀರು ನಿಂತರೂ ನಗುವ ಗಿಡ ಅದೊಂದೇ.

ಜೂನ್ 9, ಮೃಗಶಿರಾ ಮಳೆ

ಬಿತ್ತಿದೆ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ, ಅಷ್ಟೇ. ಮೇಲೆ ದರಕು ಹರಡಿದೆ, ಬೀಜ ಬಿದ್ದ ಕಡೆ ಬೆರಳಗಲ ಬಿಟ್ಟು. ಹನಿಯ ಪೆಟ್ಟು ಮೊದಲು ಎಲೆಗೆ ಬಿದ್ದರೆ ಮಣ್ಣು ಸಿಡಿಯುವುದಿಲ್ಲ, ಸಿಡಿದ ಮಣ್ಣಿನ ಜೊತೆ ರೋಗ ಅಡಿ ಎಲೆಗೆ ಹತ್ತುವುದಿಲ್ಲ. ದಪ್ಪ ಹಾಸಿದರೆ ಬಸವನಹುಳು ಅಡಗುತ್ತವೆ, ಆದ್ದರಿಂದ ತೆಳು ಹಾಸು. ಬೇಲಿಯ ಬುಡದ ಹುಲ್ಲನ್ನು ಸವರಿಲ್ಲ. ಬಸವನಹುಳು ತಿನ್ನುವ ಮಿಂಚುಹುಳದ ಮರಿಗಳು ಅಲ್ಲಿರುತ್ತವೆ. ಹಗಲು ಕೆಂಬೂತ ಅದೇ ದಾರಿಯಲ್ಲಿ ಬೇಟೆಗೆ ಬರುತ್ತದೆ.

ಜೂನ್ 24, ಆರಿದ್ರಾ ಮಳೆ

ನಿನ್ನೆ ಸಂಜೆಯಿಂದ ಹಿಡಿದ ಮಳೆ ಬೆಳಗಿನ ಜಾವಕ್ಕೂ ಬಿಟ್ಟಿರಲಿಲ್ಲ. ಟಾರ್ಚ್ ಹಿಡಿದು ಹಿತ್ತಿಲಿಗೆ ಇಳಿದೆ. ಅಡ್ಡಗಾಲುವೆ ತುಂಬಿ ಬೇಲಿಯ ಪಕ್ಕದಿಂದ ಗದ್ದಲ ಮಾಡುತ್ತಾ ಇಳಿಯುತ್ತಿತ್ತು. ಮಡಿಗಳ ನಡುವೆ ನೀರು ಸದ್ದಿಲ್ಲದೆ ನಡೆಯುತ್ತಿತ್ತು. ಸೌತೆಯ ಎರಡೆಲೆ ಸಸಿಗಳು ನೆನೆದು ನಿಂತಿದ್ದವು, ಒಂದರ ತಲೆಯ ಮೇಲೆ ಬೀಜದ ಸಿಪ್ಪೆ ಇನ್ನೂ ಟೋಪಿಯಂತೆ ಕೂತಿತ್ತು.

ಬೆಳಕು ಹರಿದ ಮೇಲೆ ದೊಡ್ಡಮ್ಮ ಬೇಲಿಯ ಆಚೆ ಬಂದು ನಿಂತರು. ಈ ಸಲವೂ ಮೊದಲು ನೋಡಿದ್ದು ಕಾಲುವೆಯನ್ನೇ. ಮೊದಲ ಮೂರು ಕಾಲುವೆಗಳಲ್ಲಿ ತಳದ ನೊರಜುಕಲ್ಲು ಕಾಣುತ್ತಿತ್ತು. ನಾಲ್ಕನೆಯದರಲ್ಲಿ ಮಾತ್ರ ತೆಳುವಾಗಿ ಒಂದು ಕೆಂಪು ಎಳೆ, ದಬ್ಬೆಯ ಸಂದಿನಿಂದ ಬರುತ್ತಿತ್ತು.

"ಅಲ್ಲೊಂದು ಹಿಡಿ ಹುಲ್ಲು ತುರುಕು ತಮ್ಮಾ," ಎಂದರು. "ಉಳಿದದ್ದು ನಿಂತೀತು."

ಹುಲ್ಲು ತುರುಕಿ, ಕೈ ತೊಳೆಯದೆ ಅಲ್ಲೇ ಕುಳಿತು ನೋಡಿದೆ. ಸ್ವಲ್ಪ ಹೊತ್ತಿಗೆ ಆ ಕಾಲುವೆಯ ತಳವೂ ಕಾಣಿಸಿತು.